ಹೊಸ ಪ್ರೌಢಶಾಲೆಗೆ ಮೊದಲ ಮೂರು ವರ್ಷಗಳೇ ನಿಜವಾದ ಪರೀಕ್ಷೆ

ಸರ್ಕಾರಿ ಪ್ರೌಢಶಾಲೆಯೊಂದು ಮಂಜೂರಾದ ದಿನ ಊರಿಗೆ ಹಬ್ಬ. ಶಾಸಕರು ಬರುತ್ತಾರೆ, ತೋರಣ ಕಟ್ಟಲಾಗುತ್ತದೆ, ಹಿರಿಯ ಪ್ರಾಥಮಿಕ ಶಾಲೆಯ ಒಂದು ಕೊಠಡಿಯ ಬಾಗಿಲಿಗೆ ಹೊಸ ನಾಮಫಲಕ ಏರುತ್ತದೆ. ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಆ ಶಾಲೆಯ ಹೆಸರು ಮತ್ತೆ ಸುದ್ದಿಗೆ ಬರುವುದು ಮೂರು ವರ್ಷಗಳ ನಂತರ, ಮೊದಲ ತಂಡದ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದಾಗ. ಈ ಎರಡು ಸುದ್ದಿಗಳ ನಡುವಿನ ಅವಧಿಯಲ್ಲಿ ಏನಾಯಿತು ಎಂಬುದನ್ನು ವಿಚಾರಿಸುವವರು ವಿರಳ. ಆದರೆ ಶಾಲೆಯೊಂದು ಊರಿನಲ್ಲಿ ಬೇರು ಬಿಡುತ್ತದೆಯೋ, ಫಲಕವಾಗಿಯೇ ಉಳಿಯುತ್ತದೆಯೋ ಎಂಬುದು ತೀರ್ಮಾನವಾಗುವುದು ಆ ಅವಧಿಯಲ್ಲೇ.

ಈ ಮಾತು ರಾಜ್ಯದ ಯಾವ ಭಾಗಕ್ಕಾದರೂ ಅನ್ವಯಿಸುತ್ತದೆ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ, ಅದರಲ್ಲೂ ಆರ್.ಎಚ್. ಕ್ಯಾಂಪ್‌ನಂತಹ ವಸತಿಗಳಲ್ಲಿ ಅದಕ್ಕಿರುವ ತೂಕವೇ ಬೇರೆ. ಇಲ್ಲಿ ಪ್ರೌಢಶಾಲೆ ಪಾಠ ಹೇಳುವ ಸ್ಥಳವಷ್ಟೇ ಅಲ್ಲ. ಮಗುವೊಂದು ರಾಜ್ಯದ ಭಾಷೆಗೆ, ದಾಖಲೆಗಳಿಗೆ ಮತ್ತು ಅವಕಾಶಗಳಿಗೆ ಮೊದಲ ಬಾರಿ ಮುಖಾಮುಖಿಯಾಗುವ ಸ್ಥಳವೂ ಹೌದು.

ಕ್ಯಾಂಪ್ ಎಂಬ ಊರು

ತುಂಗಭದ್ರಾ ಜಲಾಶಯ 1953ರಲ್ಲಿ ನೀರು ತುಂಬಿಕೊಂಡ ಬಳಿಕ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಕಪ್ಪು ನೆಲವನ್ನು ಭತ್ತದ ಗದ್ದೆಯಾಗಿಸಿತು. ನೀರಾವರಿಯನ್ನು ಅರಸಿ ಆಂಧ್ರದಿಂದ ಬಂದ ರೈತರು ಕಾಲುವೆಯ ಆಸುಪಾಸಿನಲ್ಲಿ ನೆಲೆಸಿದರು. ಅವರ ವಸತಿಗಳಿಗೆ 'ಕ್ಯಾಂಪ್' ಎಂಬ ಹೆಸರು ಅಂಟಿಕೊಂಡು, ಇಂದು ಅದು ಊರಿನ ಹೆಸರಿನ ಭಾಗವೇ ಆಗಿಹೋಗಿದೆ.

ಆರ್.ಎಚ್. ಕ್ಯಾಂಪ್‌ನ ಹುಟ್ಟು ಬೇರೆ ಬಗೆಯದು. ಆ ಎರಡು ಅಕ್ಷರಗಳು 'ರಿಹ್ಯಾಬಿಲಿಟೇಶನ್' ಎಂಬುದರ ಸಂಕ್ಷೇಪ, ಅಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಏಳುನೂರಕ್ಕೂ ಹೆಚ್ಚು ಬಂಗಾಳಿ ಹಿಂದೂ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಪುನರ್ವಸತಿ ಯೋಜನೆಯಡಿ 1970ರ ದಶಕದಲ್ಲಿ ಇಲ್ಲಿ ಜಮೀನು ಮತ್ತು ಮನೆ ನೀಡಲಾಯಿತು. ಊರುಗಳಿಗೆ ಹೆಸರಿನ ಬದಲು ಸಂಖ್ಯೆಗಳು ಬಂದವು. ಅಂದು ಮಕ್ಕಳಾಗಿ ಬಂದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಭತ್ತ ನಾಟಿಯ ಕಾಲಕ್ಕೆ ನೆರೆಯ ತೆಲುಗು ಕ್ಯಾಂಪಿನ ಗದ್ದೆಯಲ್ಲಿ ದುಡಿಯುವವರ ಕಿವಿಗೆ ತೆಲುಗೂ ಬೀಳುತ್ತದೆ.

ಸಿಂಧನೂರಿನ ನೀರಾವರಿ ಸಿರಿಯನ್ನು ಕಂಡವರಿಗೆ ಈ ಸೀಮೆ ಹಿಂದುಳಿದದ್ದೆಂದು ತೋಚದಿರಬಹುದು. ಆದರೆ ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರ ಪಟ್ಟಿಯಲ್ಲಿ ಬಹುಪಾಲು ಇಂದಿನ ಕಲ್ಯಾಣ ಕರ್ನಾಟಕದವೇ. ನೆಲಕ್ಕೆ ನೀರು ಬಂದರೂ ಶಾಲೆಗೆ ಮಕ್ಕಳು ಅದೇ ವೇಗದಲ್ಲಿ ಬರಲಿಲ್ಲ ಎಂಬುದೇ ಇದರ ತಾತ್ಪರ್ಯ.

ಏಳನೆಯ ತರಗತಿಯ ನಂತರ

ಕರ್ನಾಟಕದಲ್ಲಿ ಬಹುಕಾಲದಿಂದ ಒಂದರಿಂದ ಏಳನೆಯ ತರಗತಿಯವರೆಗೆ ಪ್ರಾಥಮಿಕ, ಎಂಟರಿಂದ ಹತ್ತು ಪ್ರೌಢ ಎಂಬ ವಿಂಗಡಣೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡಿತು. ಒಂಬತ್ತನೆಯ ತರಗತಿಯ ಹೊಸ್ತಿಲಿನಲ್ಲಿ ಆ ಹಕ್ಕು ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ 14 ದಾಟಿದವರನ್ನು ಅಪಾಯಕಾರಿ ಉದ್ಯೋಗಗಳಿಂದ ಮಾತ್ರ ದೂರವಿಡುತ್ತದೆ. ಶಾಲೆಗೆ ಬರಲೇಬೇಕೆಂಬ ಕಟ್ಟಳೆ ಸಡಿಲವಾಗುವ ವಯಸ್ಸಿನಲ್ಲೇ ಕೂಲಿಗೆ ಹೋಗಬಹುದೆಂಬ ದಾರಿ ತೆರೆದುಕೊಳ್ಳುತ್ತದೆ.

ಈ ಸಂಧಿಕಾಲದಲ್ಲಿ ದೂರವೆಂಬುದು ನಿರ್ಣಾಯಕ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಪ್ರತಿ ವಸತಿಗೆ 5 ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂಬ ಗುರಿ ಇಟ್ಟುಕೊಂಡಿತ್ತು. ಹಲವು ಹಿರಿಯ ಪ್ರಾಥಮಿಕ ಶಾಲೆಗಳು ಪ್ರೌಢಶಾಲೆಗಳಾಗಿ ಮೇಲ್ದರ್ಜೆಗೇರಿದ್ದು ಆ ಅಭಿಯಾನದ ಬಲದಿಂದ. 2018ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಲೀನವಾಯಿತು. ಆದರೆ ನಕ್ಷೆಯ ಮೇಲಿನ 5 ಕಿಲೋಮೀಟರ್ ಬೇರೆ, ಕಾಲುವೆಯ ಏರಿಯ ಮೇಲೆ ಹದಿಮೂರರ ಹುಡುಗಿ ಒಬ್ಬಳೇ ನಡೆಯಬೇಕಾದ 5 ಕಿಲೋಮೀಟರ್ ಬೇರೆ. ಮಗಳನ್ನು ಅಷ್ಟು ದೂರ ಕಳಿಸಲು ತಂದೆತಾಯಿ ಹಿಂಜರಿದರೆ ಅವರನ್ನು ದೂರುವುದು ಸುಲಭ. ಆ ದಾರಿಯಲ್ಲಿ ನಡೆದು ನೋಡಿದವರು ದೂರಲಾರರು.

ಈ ದೂರವನ್ನು ತಗ್ಗಿಸಲು ಸರ್ಕಾರಗಳು ಏನೂ ಮಾಡಿಲ್ಲವೆನ್ನುವಂತಿಲ್ಲ. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ದಾಖಲಾತಿಗೆ ದೊಡ್ಡ ಆಕರ್ಷಣೆಯಾಗಿತ್ತು. ಕೋವಿಡ್ ವರ್ಷಗಳಲ್ಲಿ ಅದು ನಿಂತುಹೋಯಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಆದರೆ ಟಿಕೆಟ್ ಉಚಿತವಾದರೆ ಸಾಲದು. ಶಾಲೆಯ ಗಂಟೆಗೆ ಹೊಂದುವಂತೆ ಬಸ್ ಕ್ಯಾಂಪಿನವರೆಗೆ ಬರಬೇಕು, ಬಂದದ್ದು ನಿಲ್ಲಬೇಕು. ಊರಿನಲ್ಲೇ ಪ್ರೌಢಶಾಲೆ ತೆರೆದರೆ ಈ ಎಲ್ಲ ತೊಡಕುಗಳು ಒಮ್ಮೆಗೇ ಕರಗುತ್ತವೆ. ಹೊಸ ಶಾಲೆಯ ಬಗ್ಗೆ ಊರಿಗಿರುವ ಹಂಬಲಕ್ಕೆ ಮೂಲ ಇದೇ.

ನಾಮಫಲಕ ಮೊದಲು, ಶಿಕ್ಷಕರು ನಂತರ

ಮೇಲ್ದರ್ಜೆಗೇರಿದ ಶಾಲೆ ಒಂದೇ ದಿನದಲ್ಲಿ ಪೂರ್ಣ ಪ್ರೌಢಶಾಲೆಯಾಗುವುದಿಲ್ಲ. ಮೊದಲ ವರ್ಷ ಎಂಟನೆಯ ತರಗತಿ, ಎರಡನೆಯ ವರ್ಷ ಒಂಬತ್ತು, ಮೂರನೆಯ ವರ್ಷ ಹತ್ತು ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಅದು ಬೆಳೆಯುತ್ತದೆ. ಈ ವ್ಯವಸ್ಥೆಯಲ್ಲಿ ತರ್ಕವಿದೆ, ಅಪಾಯವೂ ಇದೆ. ಮೊದಲ ವರ್ಷ ಒಂದೇ ತರಗತಿ ಇರುವುದರಿಂದ 'ಸದ್ಯಕ್ಕೆ ಹೇಗೋ ನಡೆಯಲಿ' ಎಂಬ ಧೋರಣೆ ಇಲಾಖೆಯಲ್ಲಿ ಮೂಡುತ್ತದೆ. ಪ್ರಾಥಮಿಕ ಶಾಲೆಯ ಶಿಕ್ಷಕರೇ ಎಂಟನೆಯ ತರಗತಿಗೂ ಪಾಠ ಮಾಡುತ್ತಾರೆ. ಎರಡನೆಯ ವರ್ಷ ಅತಿಥಿ ಶಿಕ್ಷಕರು ಬರುತ್ತಾರೆ. ಮೂರನೆಯ ವರ್ಷ ಪಬ್ಲಿಕ್ ಪರೀಕ್ಷೆ ಎದುರು ಬಂದು ನಿಂತಾಗ ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಶಿಕ್ಷಕರೆಲ್ಲಿ ಎಂಬ ಹುಡುಕಾಟ ಶುರುವಾಗುತ್ತದೆ.

ಪ್ರೌಢಶಾಲೆಯಲ್ಲಿ ಪಾಠ ವಿಷಯವಾರು. ಭೌತವಿಜ್ಞಾನ ಮತ್ತು ಗಣಿತ ಬೋಧಿಸುವ ಶಿಕ್ಷಕರಿಲ್ಲದಿದ್ದರೆ ಆ ಕೊರತೆಯನ್ನು ಬೇರೊಬ್ಬರು ತುಂಬಿಕೊಡುವುದು ಕಷ್ಟ. ಅತಿಥಿ ಶಿಕ್ಷಕರ ಪೈಕಿ ಶ್ರದ್ಧಾವಂತರು ಬಹಳಷ್ಟು ಜನರಿದ್ದಾರೆ. 2025-26ರ ಆಯವ್ಯಯದಲ್ಲಿ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಲಾಗಿದೆ. ಆದರೂ ಅವರ ನೇಮಕ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಎಂಟನೆಯ ತರಗತಿಯಲ್ಲಿ ಮಗುವಿನ ಗಣಿತದ ದೌರ್ಬಲ್ಯವನ್ನು ಗುರುತಿಸಿದವರು ಹತ್ತನೆಯ ತರಗತಿಯಲ್ಲಿ ಅದೇ ಮಗುವಿನ ಮುಂದೆ ಇರುತ್ತಾರೆಂಬ ಭರವಸೆ ಇಲ್ಲ. ಹೊಸ ಶಾಲೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಈ ನಿರಂತರತೆ.

ಇದರೊಂದಿಗೆ ಕಣ್ಣಿಗೆ ಕಾಣದ ಆಡಳಿತದ ಕೆಲಸಗಳೂ ಇವೆ. ಶಾಲೆಗೆ ಪ್ರತ್ಯೇಕ ಸಂಕೇತ ಸಂಖ್ಯೆ ಬೇಕು, ವೇತನ ಬಟವಾಡೆಯ ಅಧಿಕಾರ ಬೇಕು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಲ್ಲಿ ನೋಂದಣಿ ಆಗಬೇಕು. ಪ್ರಯೋಗಾಲಯಕ್ಕೆ ಕೊಠಡಿ, ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಬೇಕು. ಕೊನೆಯದನ್ನು ಸಣ್ಣ ವಿಷಯವೆಂದು ಬಗೆಯುವುದು ಸಾಮಾನ್ಯ. ಹದಿಮೂರು, ಹದಿನಾಲ್ಕರ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ತಪ್ಪಿಸಿಕೊಳ್ಳುತ್ತಾ ಕೊನೆಗೆ ಶಾಲೆಯನ್ನೇ ಬಿಡುವ ಹಾದಿ ಬಹಳ ಸಲ ಅಲ್ಲಿಂದಲೇ ಆರಂಭವಾಗುತ್ತದೆ.

ಮನೆಯ ಭಾಷೆ, ಶಾಲೆಯ ಭಾಷೆ

ಆರ್.ಎಚ್. ಕ್ಯಾಂಪ್‌ನಂತಹ ಊರಿನ ಮಗುವಿಗೆ ಇನ್ನೊಂದು ಹೊರೆಯೂ ಇದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯ ಪಟ್ಟಿಯಲ್ಲಿ ಕನ್ನಡದ ಜೊತೆ ತೆಲುಗು, ತಮಿಳು, ಮರಾಠಿ, ಉರ್ದು, ಹಿಂದಿಗಳಿಗೆ ಸ್ಥಾನವಿದೆ, ಬಂಗಾಳಿಗೆ ಇಲ್ಲ. ಆದ್ದರಿಂದ ಮನೆಯಲ್ಲಿ ಬಂಗಾಳಿ ಆಡುವ ಮಗು ಕನ್ನಡವನ್ನು ಪ್ರಥಮ ಭಾಷೆಯಾಗಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ, ಸಾಮಾನ್ಯವಾಗಿ ಹಿಂದಿಯನ್ನು ತೃತೀಯ ಭಾಷೆಯಾಗಿ ಬರೆಯುತ್ತದೆ. ಒಟ್ಟು ನಾಲ್ಕು ಭಾಷೆಗಳ ನಡುವೆ ಅದರ ಓಡಾಟ.

ಎರಡು ಭಾಷೆಗಳ ನಡುವಿನ ಅಂತರವನ್ನು ಬಲ್ಲ ಶಿಕ್ಷಕರಿಗೆ ಮಕ್ಕಳ ತಪ್ಪುಗಳು ಬೇರೆಯಾಗಿಯೇ ಕಾಣುತ್ತವೆ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. 'ಕೊಡು' ಮತ್ತು 'ಕೋಡು' ಎಂಬುವಕ್ಕೆ ಅರ್ಥವೇ ಬೇರೆ. ಬಂಗಾಳಿಯಲ್ಲಿ ಈ ಹ್ರಸ್ವ ದೀರ್ಘ ಭೇದವಿಲ್ಲ. ಕನ್ನಡದ ಳಕಾರ ಅಲ್ಲಿಲ್ಲ. ಬಕಾರ ವಕಾರಗಳಿಗೆ ಅಲ್ಲಿ ಒಂದೇ ಅಕ್ಷರ. 'ಬಂದನು', 'ಬಂದಳು' ಎಂದು ಕ್ರಿಯಾಪದದಲ್ಲಿ ಲಿಂಗವನ್ನು ಸೂಚಿಸುವ ಪದ್ಧತಿಯೂ ಬಂಗಾಳಿಗೆ ಇಲ್ಲ. ಹೀಗಾಗಿ ಆ ಮಗು ಬರೆಯುವ ಕಾಗುಣಿತದ ದೋಷ ಅಜಾಗರೂಕತೆಯ ಫಲವಲ್ಲ. ಮನೆಯ ಭಾಷೆಯ ಕಿವಿಯಿಂದ ಕೇಳಿದ ಕನ್ನಡ ಅದು. ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದರ ಬದಲು ಈ ಭೇದಗಳನ್ನು ಎಂಟನೆಯ ತರಗತಿಯ ಮೊದಲ ತಿಂಗಳುಗಳಲ್ಲೇ ತಿದ್ದಿದರೆ 125 ಅಂಕಗಳ ಪತ್ರಿಕೆ ಮಾತ್ರವಲ್ಲ, ಕನ್ನಡದಲ್ಲಿಯೇ ಬರೆಯಬೇಕಾದ ವಿಜ್ಞಾನ ಮತ್ತು ಸಮಾಜ ವಿಜ್ಞಾನವೂ ಹಗುರವಾಗುತ್ತವೆ.

ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಎಂಬ ಸಂಕಟ ಈ ನೆಲಕ್ಕೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಸೀಮೆಯ ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿತ್ತು. ಆ ಕಾಲದಲ್ಲಿ, 1920ರ ದಶಕದ ಆರಂಭದಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ್ದು ಇಂದಿಗೂ ಗೌರವದಿಂದ ನೆನೆಯುವ ಸಾಹಸ. ತನ್ನದಲ್ಲದ ಭಾಷೆಯಲ್ಲಿ ಕಲಿಯುವ ಮಗುವಿನ ಕಷ್ಟವನ್ನು ಅನುಭವಿಸಿ ಬಲ್ಲ ಸೀಮೆಯಿದು. ಕನ್ನಡ ಕಲಿಯಲು ಸಿದ್ಧವಾಗಿ ಬಂದಿರುವ ಬಂಗಾಳಿ ಮಗುವಿಗೆ ಕೈಹಿಡಿದು ಕಲಿಸುವ ಹೊಣೆ ಇಲ್ಲಿ ಇನ್ನೂ ಹೆಚ್ಚು.

ಅಂಕಪಟ್ಟಿಯೂ ಒಂದು ದಾಖಲೆ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನಗರದ ಕುಟುಂಬಗಳು ಕಾಲೇಜು ಪ್ರವೇಶದ ಕಾಗದವೆಂದಷ್ಟೇ ನೋಡುತ್ತವೆ. ಪುನರ್ವಸತಿ ಕ್ಯಾಂಪಿನಲ್ಲಿ ಅದಕ್ಕೆ ಇನ್ನೂ ದೊಡ್ಡ ಅರ್ಥವಿದೆ. ಜನ್ಮದಿನಾಂಕಕ್ಕೆ, ಹೆಸರಿನ ಅಕ್ಷರಗಳಿಗೆ, ಇಲ್ಲೇ ಓದಿದ್ದಕ್ಕೆ ಅದು ಪುರಾವೆ. ಪೌರತ್ವದ ಪ್ರಶ್ನೆಯನ್ನು ದಶಕಗಳ ಕಾಲ ಹೊತ್ತು ತಿರುಗಿದ ಕುಟುಂಬಗಳು ಇಲ್ಲಿವೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದ ನಂತರ, ಅದೇ ವರ್ಷ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಪ್ರಮಾಣಪತ್ರ ದೊರೆಯಿತು. ಇಲ್ಲಿನ ನಿವಾಸಿಗಳಲ್ಲಿ ಬಹುಪಾಲಿನವರು ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ತಮ್ಮ ಸಮುದಾಯಕ್ಕೆ ಕರ್ನಾಟಕದಲ್ಲೂ ಅದೇ ಮಾನ್ಯತೆ ಬೇಕೆಂಬುದು ಅವರ ಹಳೆಯ ಬೇಡಿಕೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಸಮಯದಲ್ಲಿ ಈ ಬೇಡಿಕೆ ರಾಜಕೀಯ ಭಾಷಣದ ವಿಷಯವಾಗಿ ಉಳಿಯುವುದಿಲ್ಲ, ಮಗುವಿನ ಕೈಗೆ ಬರುವ ಅಥವಾ ಬಾರದ ಹಣದ ಲೆಕ್ಕವಾಗುತ್ತದೆ.

ಸಂವಿಧಾನದ 371ಜೆ ವಿಧಿ ತೆರೆದಿರುವ ಬಾಗಿಲನ್ನೂ ಇಲ್ಲಿ ಗಮನಿಸಬೇಕು. 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಈ ವಿಧಿಯಡಿ 2013ರ ಆದೇಶಗಳು ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ಹೊರಗಿನವುಗಳಲ್ಲಿ ಶೇ 8ರಷ್ಟು ಸೀಟುಗಳನ್ನು ಮೀಸಲಿಟ್ಟವು. ಸಿ ವೃಂದದ ಸ್ಥಳೀಯ ಹುದ್ದೆಗಳಲ್ಲಿ ಶೇ 80, ಡಿ ವೃಂದದಲ್ಲಿ ಶೇ 85ರಷ್ಟು ಮೀಸಲು. ಆದರೆ ಹತ್ತನೆಯ ತರಗತಿ ದಾಟದವರಿಗೆ ಈ ಮೀಸಲಾತಿಯಿಂದ ಸಿಗುವುದು ಅತ್ಯಲ್ಪ. ಮೀಸಲಾತಿಯ ಬಾಗಿಲಿಗೆ ಹೋಗುವ ಮೆಟ್ಟಿಲು ಪ್ರೌಢಶಾಲೆ.

ಶೇಕಡಾವಾರು ಮರೆಮಾಚುವ ಸತ್ಯ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲಾವಾರು ಪಟ್ಟಿ ಪ್ರಕಟವಾಗುತ್ತದೆ. 2024ರಲ್ಲಿ ರಾಜ್ಯದ ಫಲಿತಾಂಶ ಶೇ 73.40, ಮೊದಲ ಸ್ಥಾನದ ಉಡುಪಿ ಶೇ 94, ಕೊನೆಯ ಸ್ಥಾನದ ಯಾದಗಿರಿ ಶೇ 50.59. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೇಲೆ, ಕಲಬುರಗಿ ಶೇ 42.43ರೊಂದಿಗೆ ಕೆಳಗೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ತಳದಲ್ಲಿರುವುದು ವಾಡಿಕೆಯಂತಾಗಿದೆ. ಮರುದಿನ ಮುಖ್ಯ ಶಿಕ್ಷಕರಿಗೆ ನೋಟಿಸು, ಸಭೆ, ವಿಶೇಷ ತರಗತಿ.

ಆದರೆ ಈ ಶೇಕಡಾವಾರು ಪರೀಕ್ಷೆಗೆ ಕುಳಿತವರ ಲೆಕ್ಕ. ಎಂಟನೆಯ ತರಗತಿಗೆ ಸೇರಿದವರ ಲೆಕ್ಕವಲ್ಲ. ಒಂದು ಹೊಸ ಶಾಲೆಯ ಎಂಟನೆಯ ತರಗತಿಗೆ 40 ಮಕ್ಕಳು ಸೇರಿ, ಹತ್ತರ ಪರೀಕ್ಷೆಗೆ 25 ಮಂದಿ ಕುಳಿತು, 20 ಮಂದಿ ಉತ್ತೀರ್ಣರಾದರು ಎಂದು ಊಹಿಸಿಕೊಂಡರೆ ಫಲಿತಾಂಶ ಶೇ 80 ಎಂದು ಶ್ಲಾಘನೆ ಸಿಗುತ್ತದೆ. ಸೇರಿದವರ ಪೈಕಿ ಅರ್ಧ ಮಕ್ಕಳು ಮಾತ್ರ ದಡ ಸೇರಿದರು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಮೇಲಾಗಿ, ಹಿಂದುಳಿದ ಮಗುವನ್ನು ಒಂಬತ್ತನೆಯ ತರಗತಿಯಲ್ಲೇ ಜಾರಲು ಬಿಟ್ಟರೆ ಫಲಿತಾಂಶ ಸುಧಾರಿಸುತ್ತದೆ ಎಂಬ ಕೆಟ್ಟ ಪ್ರಲೋಭನೆಗೆ ಈ ಅಳತೆಗೋಲು ಅವಕಾಶ ಕೊಡುತ್ತದೆ. 2025-26ರಿಂದ ಉತ್ತೀರ್ಣತೆಯ ಮಟ್ಟವನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿರುವುದರಿಂದಲೂ ಶಾಲೆ ಬಿಟ್ಟ ಮಗುವಿಗೆ ಪ್ರಯೋಜನವಿಲ್ಲ.

ಮಕ್ಕಳು ಜಾರುವುದಕ್ಕೆ ಋತುಮಾನವೂ ಇದೆ. ನೀರಾವರಿಯ ಸಿಂಧನೂರಿನಲ್ಲಿ ಮುಂಗಾರಿನ ನಾಟಿ, ಒಣಬೇಸಾಯದ ಮಸ್ಕಿ, ಲಿಂಗಸುಗೂರು ಕಡೆ ಹತ್ತಿ ಬಿಡಿಸುವ ಕಾಲ. ಎರಡರಲ್ಲೂ ಹಾಜರಿ ಪುಸ್ತಕದ ಸಾಲುಗಳು ಖಾಲಿಯಾಗುತ್ತವೆ. ಬೆಳೆ ಕೈಕೊಟ್ಟರೆ ಕುಟುಂಬವೇ ಬೆಂಗಳೂರಿಗೆ ಗುಳೆ ಹೊರಡುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟುಗಳ ಬದಲಾವಣೆಯ ಕಾಮಗಾರಿಗಾಗಿ 2025-26ರ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಅಣೆಕಟ್ಟಿನ ಮೇಲಿನ ಇಂತಹ ತೀರ್ಮಾನ ಕಾಲುವೆಯ ಕೊನೆಯ ಊರಿನ ಒಂಬತ್ತನೆಯ ತರಗತಿಯ ಬೆಂಚನ್ನೂ ತಟ್ಟುತ್ತದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, 2007ರಲ್ಲಿ ಪ್ರೌಢಶಾಲೆಗೂ ವಿಸ್ತರಿಸಿದ ಅಕ್ಷರ ದಾಸೋಹದ ಬಿಸಿಯೂಟ ಇಂತಹ ಕಾಲದಲ್ಲಿ ಮಗುವನ್ನು ಹಿಡಿದು ನಿಲ್ಲಿಸುವ ದೊಡ್ಡ ಆಸರೆ.

ದೊಡ್ಡ ಶಾಲೆಯೋ, ಹತ್ತಿರದ ಶಾಲೆಯೋ

ರಾಜ್ಯದ ಚಿಂತನೆ ಈಗ ಬೇರೆ ದಿಕ್ಕಿನಲ್ಲಿ ಸಾಗುತ್ತಿದೆ. 2018-19ರಲ್ಲಿ 176 ಶಾಲೆಗಳೊಂದಿಗೆ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ವಿಸ್ತರಿಸುವುದು ಸರ್ಕಾರದ ಆದ್ಯತೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ 2,500 ಕೋಟಿ ರೂಪಾಯಿ ವೆಚ್ಚದಲ್ಲಿ 500 ಹೊಸ ಶಾಲೆಗಳ ಯೋಜನೆ 2025-26ರ ಆಯವ್ಯಯದಲ್ಲಿ ಪ್ರಕಟವಾಯಿತು. ಒಂದೇ ಆವರಣದಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ, ವಿಷಯಕ್ಕೊಬ್ಬ ಶಿಕ್ಷಕರು, ಸುಸಜ್ಜಿತ ಪ್ರಯೋಗಾಲಯ ಎಂಬ ಈ ಮಾದರಿಗೆ ಅದರದೇ ಆದ ಬಲವಿದೆ. ಸಣ್ಣ ಪ್ರೌಢಶಾಲೆಯಲ್ಲಿ ಪೂರ್ಣ ಶಿಕ್ಷಕ ವೃಂದವನ್ನು ನೀಡುವುದು ದುಬಾರಿ ಎಂಬ ವಾದವನ್ನೂ ತಳ್ಳಿಹಾಕಲಾಗದು.

ಆದರೆ ಹೋಬಳಿ ಕೇಂದ್ರದ ದೊಡ್ಡ ಶಾಲೆ ಎಷ್ಟೇ ಸೊಗಸಾಗಿದ್ದರೂ ಕ್ಯಾಂಪಿನ ಹುಡುಗಿ ಅಲ್ಲಿಗೆ ತಲುಪದಿದ್ದರೆ ಆ ಸೊಗಸು ಅವಳದಾಗುವುದಿಲ್ಲ. ವಾಹನದ ಖಾತರಿ ಇರುವಲ್ಲಿ ದೊಡ್ಡ ಶಾಲೆ, ಇಲ್ಲದಲ್ಲಿ ಹತ್ತಿರದ ಪ್ರೌಢಶಾಲೆ ಎಂಬ ಸರಳ ನಿಯಮವಾದರೂ ಬೇಕು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ 2+8+4 ಎಂಬ ರಚನೆಯನ್ನು ಸೂಚಿಸಿದೆ. ಅದು ಜಾರಿಯಾದರೆ ಎಂಟನೆಯ ತರಗತಿ ಕೆಳಗಿನ ಹಂತಕ್ಕೆ ಸೇರಿ, ಪ್ರೌಢ ಹಂತ ಒಂಬತ್ತರಿಂದ ಹನ್ನೆರಡರವರೆಗೆ ಚಾಚುತ್ತದೆ. ಹೊಸದಾಗಿ ತೆರೆಯುವ ಪ್ರೌಢಶಾಲೆಗಳಿಗೆ ಕೊಠಡಿ, ಹುದ್ದೆಗಳನ್ನು ಯೋಜಿಸುವಾಗ ಈ ಸಾಧ್ಯತೆಯನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ.

ಆಗಬೇಕಾದುದು

ಪರಿಹಾರಗಳು ಅಸಾಧ್ಯವಾದವೇನಲ್ಲ. ಶಾಲೆಯ ಮಂಜೂರಾತಿ ಆದೇಶದಲ್ಲೇ ಮೂರು ವರ್ಷಗಳಿಗೆ ಬೇಕಾಗುವ ವಿಷಯ ಶಿಕ್ಷಕರ ಹುದ್ದೆಗಳೂ ಸೇರಿರಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಎಂಟನೆಯ ತರಗತಿಯ ಮೊದಲ ದಿನವೇ ಇರಬೇಕು. ಮೊದಲ ತಂಡ ಹತ್ತನೆಯ ತರಗತಿ ಮುಗಿಸುವವರೆಗೆ ಅವರನ್ನು ಕದಲಿಸಬಾರದು. ಸುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯ ತರಗತಿ ಮುಗಿಸಿದ ಪ್ರತಿ ಮಗುವಿನ ಹೆಸರು ಹೊಸ ಶಾಲೆಯ ಮುಖ್ಯ ಶಿಕ್ಷಕರ ಕೈಯಲ್ಲಿರಬೇಕು. ಜೂನ್ ಮುಗಿಯುವುದರೊಳಗೆ ದಾಖಲಾಗದ ಮಗುವಿನ ಮನೆಗೆ ಒಬ್ಬರು ಹೋಗಬೇಕು. 2001ರಿಂದ ರಾಜ್ಯದಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಮಾಡಬಹುದಾದ ಅತ್ಯುತ್ತಮ ಕೆಲಸವಿದು. ಮತ್ತು ಶಾಲೆಯ ಫಲಿತಾಂಶವನ್ನು ಪರೀಕ್ಷೆ ಬರೆದವರ ಸಂಖ್ಯೆಯ ಜೊತೆಗೆ, ಮೂರು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಸೇರಿದವರ ಸಂಖ್ಯೆಗೂ ಹೋಲಿಸಿ ಪ್ರಕಟಿಸಬೇಕು.

ನೆಲೆ ಕಳೆದುಕೊಂಡು ಬಂದವರಿಗೆ ಸರ್ಕಾರ ಅರ್ಧ ಶತಮಾನದ ಹಿಂದೆ ಭೂಮಿ ನೀಡಿತು. ಆ ಭೂಮಿ ಇಂದು ಮಕ್ಕಳು, ಮೊಮ್ಮಕ್ಕಳ ನಡುವೆ ಹಂಚಿಹೋಗುತ್ತಿದೆ. ಮೂರನೆಯ ತಲೆಮಾರಿಗೆ ಅದರಿಂದ ಬದುಕು ಸಾಗದು. ಅವರ ಪುನರ್ವಸತಿ ಪೂರ್ಣಗೊಳ್ಳಬೇಕಾದರೆ ಊರಿನ ಪ್ರೌಢಶಾಲೆ ನಾಮಫಲಕದ ಆಚೆಗೂ ಇರಬೇಕು. ಹೊಸ ಶಾಲೆಯನ್ನು ಉದ್ಘಾಟಿಸಿದವರು ಮೂರು ವರ್ಷಗಳ ನಂತರ ಅದೇ ಅಂಗಳಕ್ಕೆ ಬಂದು, ಮೊದಲ ದಿನ ಹಾಜರಿ ಪುಸ್ತಕದಲ್ಲಿದ್ದ ಎಷ್ಟು ಹೆಸರುಗಳು ಇನ್ನೂ ಉಳಿದಿವೆ ಎಂದು ಕೇಳಿದರೆ ಸಾಕು. ಶಾಲೆ ತೆರೆಯಿತೋ ಇಲ್ಲವೋ ಎಂಬುದಕ್ಕೆ ಉತ್ತರ ಅದರಲ್ಲೇ ಇರುತ್ತದೆ.